ಮತ್ತೆ ಮತ್ತೆ ಚುಚ್ಚಿದರೆ ಮೈಗೆ ಬೇಸರವಾಗುತ್ತಾ?

ಒಂದೇ ವರ್ಷದಲ್ಲಿ ಎರಡು ಸಲ ಟಿಟಿ, ಅಂದರೆ ಧನುರ್ವಾಯು ತಡೆಯುವ ಇಂಜೆಕ್ಷನ್ ತೆಗೆದುಕೊಂಡ ಜಾಣೆ ನಾನು. ಮೊದಲನೆಯದು ತುಕ್ಕು ಹಿಡಿದ ಮೊಳೆ ತುಳಿದಾಗ. ಎರಡನೆಯದು ಆರೇಳು ತಿಂಗಳು ಕಳೆದ ಮೇಲೆ, ತಗಡಿನ ಅಂಚು ಕೈ ಕೊಯ್ದಾಗ. "ಕೊನೇ ಸಲ ಟಿಟಿ ಯಾವಾಗ ತಗೊಂಡಿದ್ರಿ?" ಅಂತ ನರ್ಸ್ ಕೇಳಿದರು. ಹಳೇ ಚೀಟಿ ಎಲ್ಲಿಟ್ಟಿದ್ದೆನೋ ಗೊತ್ತಿಲ್ಲ, ನೋವಿಗೆ ತಲೆಯೂ ಓಡುತ್ತಿರಲಿಲ್ಲ, "ತುಂಬಾ ದಿನ ಆಯ್ತು" ಅಂದುಬಿಟ್ಟೆ. ಅವತ್ತು ರಾತ್ರಿಯೇ ತೋಳು ಊದಿಕೊಂಡಿತು. ಏನೋ ಸಣ್ಣ ಊತ ಅಂದುಕೊಳ್ಳಬೇಡಿ. ಭುಜದಿಂದ ಮೊಣಕೈವರೆಗೆ ಕೆಂಪಗೆ, ಬಿಸಿಬಿಸಿಯಾಗಿ, ಅಂಗಿಯ ತೋಳು ತಾಗಿದರೂ ಜೀವ ಹೋಗುವಂತೆ. ಎರಡು ದಿನ ಒಂದೇ ಕೈಯಲ್ಲಿ ತಲೆ ಬಾಚಿಕೊಂಡೆ.

ಮೂರನೇ ದಿನ ಡಾಕ್ಟರ್ ನೋಡಿದರು, ಹಳೇ ವಿಷಯವೆಲ್ಲಾ ಕೆದಕಿ ಕೇಳಿದರು, ಆಮೇಲೆ ನಕ್ಕರು. "ನೀವು ಮರೆತಿದ್ದಿರಿ, ನಿಮ್ಮ ಮೈ ಮರೆತಿರಲಿಲ್ಲ" ಅಂದರು.

ಈ ಕತೆಯನ್ನು ಚಿಕ್ಕಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅವರಿಗೆ ಎಪ್ಪತ್ತು ದಾಟಿದೆ, ಕೋವಿಡ್ ಬೂಸ್ಟರ್ ಒಂದನ್ನು ಇವತ್ತು ನಾಳೆ ಅಂತ ಮುಂದೂಡುತ್ತಲೇ ಇದ್ದರು. "ನೋಡಿದ್ಯಾ, ಅತಿಯಾದರೆ ಅಮೃತವೂ ವಿಷ ಕಣೇ. ಪದೇ ಪದೇ ಚುಚ್ಚಿಸಿಕೊಂಡರೆ ಮೈಯಲ್ಲಿರೋ ಶಕ್ತಿಯೆಲ್ಲಾ ಖರ್ಚಾಗಿ ಹೋಗಲ್ವಾ?" ಅಂತ ಕೇಳಿದರು. ಹಾಗೇನೂ ಇಲ್ಲ ಚಿಕ್ಕಮ್ಮಾ ಅಂದೆ. ಯಾಕಿಲ್ಲ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ಓದುತ್ತಾ ಕೂತಿದ್ದೇನೆ. ಚಿಕ್ಕಮ್ಮನ ಗಾದೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಲ್ಲಿ ನಿಜ, ಎಲ್ಲಿ ಅಲ್ಲ ಅನ್ನುವುದು ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸ್ವಾರಸ್ಯವಾಗಿದೆ.

ಮೊದಲ ಡೋಸ್ ತೋಳಿಗೆ ಬಿದ್ದಾಗ ಕೆಲಸ ನಡೆಯುವುದು ತೋಳಲ್ಲಿ ಅಲ್ಲ, ಕಂಕುಳಲ್ಲಿ. ಅಲ್ಲಿರುವ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಲಸಿಕೆಯ ತುಣುಕುಗಳು ತಲುಪುತ್ತವೆ. ನಮ್ಮ ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಬಿ ಕೋಶಗಳು (ಬಿಳಿ ರಕ್ತಕಣಗಳ ಒಂದು ಜಾತಿ) ಸುತ್ತುತ್ತಿರುತ್ತವೆ, ಒಂದೊಂದರ ಮೈಮೇಲೂ ಒಂದೊಂದು ಆಕಾರದ ಕೊಂಡಿ. ಈ ತುಣುಕಿಗೆ ಹೇಗೋ ಹೊಂದುವ ಕೊಂಡಿ ಇರುವ ಕೆಲವೇ ಕೋಶಗಳು ಅದನ್ನು ಹಿಡಿದುಕೊಂಡು ಸಂಖ್ಯೆ ಬೆಳೆಸಿಕೊಳ್ಳುತ್ತವೆ. ವಾರ ಎರಡು ವಾರದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ಹಿಡಿದುಕೊಳ್ಳುವ ಪ್ರೋಟೀನುಗಳು (ಆ್ಯಂಟಿಬಾಡಿ), ಬರುತ್ತವೆ. ನಿಜ ಹೇಳಬೇಕೆಂದರೆ ಆ ಮೊದಲ ಪ್ರತಿಕಾಯಗಳು ಸಾಧಾರಣ ಸರಕು. ಹಿಡಿತ ಸಡಿಲ.

ಒಳ್ಳೆಯ ಸರಕು ತಯಾರಾಗುವುದು ಆಮೇಲೆ, ಗ್ರಂಥಿಯೊಳಗಿನ ಜರ್ಮಿನಲ್ ಸೆಂಟರ್ ಅನ್ನುವ ಜಾಗದಲ್ಲಿ. ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಇದು. ಅಲ್ಲಿ ಬಿ ಕೋಶಗಳು ತಮ್ಮ ಕೊಂಡಿಯ ಜೀನ್‌ಗಳನ್ನು ಬೇಕೆಂದೇ ಕೆಡಿಸಿಕೊಳ್ಳುತ್ತವೆ. ಕೆಡಿಸಿಕೊಂಡವುಗಳಲ್ಲಿ ಬಹುಪಾಲು ಹಾಳಾಗುತ್ತವೆ, ಕೆಲವು ಅಕಸ್ಮಾತ್ತಾಗಿ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತವೆ. ಗಟ್ಟಿಯಾಗಿ ಹಿಡಿದವಕ್ಕೆ ಟಿ ಕೋಶಗಳ (ಬಿಳಿ ರಕ್ತಕಣಗಳ ಇನ್ನೊಂದು ಜಾತಿ) ನೆರವು ಸಿಗುತ್ತದೆ, ಉಳಿದವು ಸಾಯುತ್ತವೆ, ಮತ್ತೆ ಇನ್ನೊಂದು ಸುತ್ತು. ಪೀಳಿಗೆಗಳ ಲೆಕ್ಕದಲ್ಲಿ ನಡೆಯಬೇಕಾದ ವಿಕಾಸ ನಮ್ಮ ಕಂಕುಳಲ್ಲಿ ವಾರಗಳ ಲೆಕ್ಕದಲ್ಲಿ ನಡೆಯುತ್ತದೆ, ನಮಗೆ ಮಾತ್ರ ಅದರ ಸುಳಿವೂ ಇರುವುದಿಲ್ಲ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಪಡೆದವರ ಕಂಕುಳ ಗ್ರಂಥಿಯಿಂದ ಸೂಜಿಯಲ್ಲಿ ಕೋಶ ತೆಗೆದು ನೋಡಿದಾಗ, 12 ವಾರ ಕಳೆದರೂ ಈ ಕೆಲಸ ನಿಂತಿರಲಿಲ್ಲ.

ಅಲ್ಲಿಂದ ಪಾಸಾಗಿ ಬರುವವು ಎರಡು ಬಗೆ. ಒಂದು, ಮೂಳೆಯ ಮಜ್ಜೆಗೆ ಹೋಗಿ ನೆಲೆಸಿ, ಕೆಲವೊಮ್ಮೆ ದಶಕಗಟ್ಟಲೆ ಪ್ರತಿಕಾಯ ಸುರಿಸುತ್ತಲೇ ಇರುವ ಪ್ಲಾಸ್ಮಾ ಕೋಶಗಳು. ಇನ್ನೊಂದು, ಏನೂ ಮಾಡದೆ ಸುಮ್ನೆ ಕಾಯುವ ನೆನಪಿನ ಬಿ ಕೋಶಗಳು. ನಾವು ಲ್ಯಾಬಿಗೆ ರಕ್ತ ಕೊಟ್ಟು "ನನ್ನ ಆ್ಯಂಟಿಬಾಡಿ ಎಷ್ಟಿದೆ" ಅಂತ ನೋಡಿಸಿದಾಗ ಕಾಣುವುದು ಮೊದಲನೆಯವರ ದುಡಿಮೆ ಮಾತ್ರ. ಸುಮ್ನೆ ಕೂತವರು ಲೆಕ್ಕಕ್ಕೇ ಬರುವುದಿಲ್ಲ.

ಈ ನೆನಪು ಎಷ್ಟು ದಿನ ಇರುತ್ತದೆ? ಇದಕ್ಕೆ ನನಗೆ ಇಷ್ಟವಾದ ಉತ್ತರ ತುಂಬಾ ಹಳೆಯದು. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಿಗೆ ದಡಾರ ಬಂತು. ಅಲ್ಲಿದ್ದ ಏಳೆಂಟು ಸಾವಿರ ಜನರಲ್ಲಿ ಸುಮಾರು 6,000 ಮಂದಿ ಮಲಗಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪ್ಯಾನಮ್ ಅನ್ನುವ 25ರ ಹರೆಯದ ವೈದ್ಯನನ್ನು ಕಳಿಸಿತು. ಆತ ಹಳ್ಳಿ ಹಳ್ಳಿ ಸುತ್ತಿ ಬರೆದುಕೊಂಡ. ಆ ದ್ವೀಪಗಳಿಗೆ ಹಿಂದೆ ದಡಾರ ಬಂದಿದ್ದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಹಿಡಿಸಿಕೊಂಡಿದ್ದ, ಈಗ ಮುದುಕರಾಗಿದ್ದ ಒಬ್ಬರಿಗೂ ಎರಡನೇ ಸಲ ಅದು ಬರಲಿಲ್ಲ. ನಡುವೆ 65 ವರ್ಷ, ಆ ಅಷ್ಟೂ ವರ್ಷ ದ್ವೀಪದಲ್ಲಿ ದಡಾರವೇ ಇರಲಿಲ್ಲ. ಅಂದರೆ ಯಾವ ಬೂಸ್ಟರೂ ಇಲ್ಲ. ರಕ್ತದಲ್ಲಿ ಅತಿ ಹೆಚ್ಚಾಗಿರುವ ಐಜಿಜಿ ಅನ್ನುವ ಬಗೆಯ ಪ್ರತಿಕಾಯ ಸುಮಾರು ಮೂರು ವಾರಕ್ಕೆ ಅರ್ಧದಷ್ಟು ಕರಗಿ ಹೋಗುತ್ತದೆ. ಹಾಗಿದ್ದೂ 65 ವರ್ಷ ಕಾವಲು ಸಿಕ್ಕಿದೆ ಅಂದರೆ, ಮಜ್ಜೆಯಲ್ಲಿ ಯಾರೋ ಅಷ್ಟೂ ವರ್ಷ ಬಾಗಿಲು ಮುಚ್ಚದೆ ದುಡಿದಿದ್ದಾರೆ.

ಎಲ್ಲ ಲಸಿಕೆಯೂ ಇಷ್ಟು ಬಾಳಿಕೆ ಬರುವುದಿಲ್ಲ. ಪ್ರತಿಕಾಯ ಅರ್ಧಕ್ಕೆ ಇಳಿಯಲು ಎಷ್ಟು ವರ್ಷ ಬೇಕು ಅಂತ ಅಮೆರಿಕದ ಒರೆಗಾನ್‌ನಲ್ಲಿ ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರು. ಧನುರ್ವಾಯುವಿಗೆ ಸುಮಾರು 11 ವರ್ಷ, ಗಂಟಲಮಾರಿಗೆ (ಡಿಫ್ತೀರಿಯಾ) 19 ವರ್ಷ. ದಡಾರಕ್ಕೆ ಬಂದ ಸಂಖ್ಯೆ ಎಷ್ಟು ದೊಡ್ಡದೆಂದರೆ ಮನುಷ್ಯನ ಆಯಸ್ಸಿಗೆ ಹೋಲಿಸುವುದೇ ತಮಾಷೆ. ಜೀವಂತ ವೈರಸ್ ಮೈಯಲ್ಲಿ ಬೆಳೆದು ಗಲಾಟೆ ಮಾಡಿ ಹೋದರೆ ನೆನಪು ಗಟ್ಟಿ. ಬಾಟಲಿಯಿಂದ ಬಂದ ಒಂದು ಪ್ರೋಟೀನಿನ ತುಣುಕು ಒಬ್ಬಂಟಿಯಾಗಿ ಬಂದು ಹೋದರೆ ಅಷ್ಟು ಗಟ್ಟಿ ಆಗುವುದಿಲ್ಲ. ಬೂಸ್ಟರ್ ಬೇಕಾಗುವುದು ಇಂಥ ಕಡೆ.

ಎರಡನೇ ಸಲ ಚುಚ್ಚಿದಾಗ ಮೈ ಬೇರೆಯೇ ಥರ ವರ್ತಿಸುತ್ತದೆ ಅನ್ನುವುದನ್ನು 1921ರಲ್ಲೇ ಅಲೆಕ್ಸಾಂಡರ್ ಗ್ಲೆನಿ ಅನ್ನುವ ಬ್ರಿಟಿಷ್ ವಿಜ್ಞಾನಿ ಗಂಟಲಮಾರಿಯ ನಂಜಿನ ಮೇಲೆ ಕೆಲಸ ಮಾಡುತ್ತಾ ತೋರಿಸಿದ. ಮೊದಲ ಸಲ ನಿಧಾನ, ಕಡಿಮೆ. ಎರಡನೇ ಸಲ ಬೇಗ, ಜಾಸ್ತಿ. ಕಾಯುತ್ತಾ ಕೂತಿದ್ದ ನೆನಪಿನ ಕೋಶಗಳು ಎದ್ದು ಕೆಲವೇ ದಿನಗಳಲ್ಲಿ ಪ್ರತಿಕಾಯದ ಕಾರ್ಖಾನೆಗಳಾಗುತ್ತವೆ, ಇನ್ನು ಕೆಲವು ಮತ್ತೆ ಜರ್ಮಿನಲ್ ಸೆಂಟರಿಗೆ ಹೋಗಿ ಇನ್ನೊಂದು ಸುತ್ತು ತಿದ್ದಿಸಿಕೊಂಡು ಬರುತ್ತವೆ.

ಆದರೆ ನಡುವೆ ಬಿಡುವು ಬೇಕು. ಡೋಸ್ ಎಷ್ಟು ಅಂತ ಎಲ್ಲರೂ ಎಣಿಸುತ್ತೇವೆ, ಎಷ್ಟು ದಿನ ಬಿಟ್ಟು ಅಂತ ಕೇಳುವವರು ಕಡಿಮೆ. ಹೆಪಟೈಟಿಸ್ ಬಿ ಲಸಿಕೆಯನ್ನು ದೊಡ್ಡವರಿಗೆ ಸಾಮಾನ್ಯವಾಗಿ 0, 1, 6 ತಿಂಗಳಿಗೆ ಕೊಡುತ್ತಾರೆ. ಆ ಕೊನೆಯ ಐದು ತಿಂಗಳ ಅಂತರ ಸುಮ್ಮನೆ ಇಟ್ಟಿದ್ದಲ್ಲ. ತಿದ್ದುವ ಕೆಲಸ ಇನ್ನೂ ನಡೆಯುತ್ತಿರುವಾಗ, ರಕ್ತದಲ್ಲಿ ಪ್ರತಿಕಾಯ ತುಂಬಿ ತುಳುಕುತ್ತಿರುವಾಗ ಇನ್ನೊಂದು ಡೋಸ್ ಕೊಟ್ಟರೆ ಅದರಿಂದ ಸಿಗುವುದು ಕಡಿಮೆ. 2020ರ ಕೊನೆಯಲ್ಲಿ ಬ್ರಿಟನ್‌ನಲ್ಲಿ ಕೋವಿಡ್ ಲಸಿಕೆ ಸಾಲದೆ ಬಂದಾಗ, ಎರಡನೇ ಡೋಸನ್ನು 12 ವಾರದವರೆಗೂ ಮುಂದಕ್ಕೆ ಹಾಕಿದರು. ಬೈಗುಳ ಬೇಕಾದಷ್ಟು ಬಿತ್ತು. ಆಮೇಲೆ 80 ದಾಟಿದವರ ರಕ್ತ ಪರೀಕ್ಷಿಸಿದರೆ, 12 ವಾರ ಕಾದವರಲ್ಲಿ ಪ್ರತಿಕಾಯ 3 ವಾರಕ್ಕೇ ಪಡೆದವರಿಗಿಂತ ಸುಮಾರು ಮೂರೂವರೆ ಪಟ್ಟು ಇತ್ತು. ಕೊರತೆಯಿಂದ ಮಾಡಿದ ಕೆಲಸ ಕೈ ಹಿಡಿಯಿತು. (ಕಾಯುವ ಆ ಹನ್ನೆರಡು ವಾರದಲ್ಲಿ ಕಾಯಿಲೆ ಬಂದರೆ ಏನು ಗತಿ ಅನ್ನುವ ಪ್ರಶ್ನೆ ಬೇರೆ. ಅದು ಸಣ್ಣದಲ್ಲ.)

ಬಿಡುವಿನ ಇನ್ನೊಂದು ಫಲ ಮೂರನೇ ಡೋಸ್‌ನಲ್ಲಿ ಕಾಣಿಸಿತು. 2021ರ ನವೆಂಬರ್‌ನಲ್ಲಿ ಒಮಿಕ್ರಾನ್ ಬಂತು. ಎರಡು ಡೋಸ್‌ನ ಪ್ರತಿಕಾಯಗಳನ್ನು ಅದು ಹೆಚ್ಚುಕಮ್ಮಿ ದಾಟಿಕೊಂಡು ಹೋಯಿತು. ಮೂರನೇ ಡೋಸ್ ಕೊಟ್ಟರು, ಅದೂ ಹಳೇ ವೈರಸ್ಸಿನ ನಕಲಿನಿಂದ ಮಾಡಿದ್ದೇ. ಆದರೂ ಒಮಿಕ್ರಾನನ್ನು ಹಿಡಿಯುವ ಪ್ರತಿಕಾಯ ಎದ್ದು ಕಾಣುವಷ್ಟು ಏರಿತು. ಹಳೇ ಪಾಠವನ್ನೇ ಮತ್ತೆ ಓದಿಸಿದರೆ ಹೊಸ ಪ್ರಶ್ನೆಗೆ ಉತ್ತರ ಹೇಗೆ ಬಂತು? ಎರಡನೇ ಮತ್ತು ಮೂರನೇ ಡೋಸ್ ನಡುವಿನ ತಿಂಗಳುಗಳಲ್ಲಿ ನೆನಪಿನ ಕೋಶಗಳು ಬೆಳೆದಿದ್ದವು, ಬಗೆಬಗೆಯಾಗಿದ್ದವು. ಅವುಗಳಲ್ಲಿ ಕೆಲವು, ಒಮಿಕ್ರಾನ್ ಬದಲಿಸಿಕೊಳ್ಳದೆ ಬಿಟ್ಟಿದ್ದ ಜಾಗಗಳನ್ನು ಹಿಡಿಯಬಲ್ಲವಾಗಿದ್ದವು. ಮೂರನೇ ಡೋಸ್ ಅವುಗಳನ್ನು ಕೂಗಿ ಎಬ್ಬಿಸಿತು.

ಹಾಗಾದರೆ ನಾಲ್ಕನೆಯದು? ಐದನೆಯದು? ಏರುತ್ತಲೇ ಹೋಗುತ್ತದಾ?

ಇಲ್ಲ. ಇಸ್ರೇಲಿನಲ್ಲಿ ಆಸ್ಪತ್ರೆಯ ಸಿಬ್ಬಂದಿಗೆ 2022ರ ಶುರುವಿನಲ್ಲಿ ನಾಲ್ಕನೇ ಡೋಸ್ ಕೊಟ್ಟು ನೋಡಿದರು. ಇಳಿದಿದ್ದ ಪ್ರತಿಕಾಯ ಮತ್ತೆ ಏರಿತು, ಮೂರನೆಯದರ ನಂತರ ಎಲ್ಲಿಗೆ ಮುಟ್ಟಿತ್ತೋ ಹೆಚ್ಚುಕಮ್ಮಿ ಅಲ್ಲಿಗೇ. ಚಾವಣಿ ಮುಟ್ಟಿದ ಹಾಗೆ. ಇದಕ್ಕೆ ಕಾರಣಗಳಲ್ಲಿ ಒಂದು ಸರಳವಾದದ್ದು. ರಕ್ತದಲ್ಲಿ ಈಗಾಗಲೇ ಇರುವ ಪ್ರತಿಕಾಯಗಳು ಹೊಸದಾಗಿ ಬಂದ ತುಣುಕನ್ನು ಮುತ್ತಿಕೊಳ್ಳುತ್ತವೆ. ಬೇಗ ಬೇಗ ತೆಗೆದು ಹಾಕುತ್ತವೆ. ಬಿ ಕೋಶಗಳಿಗೆ ನೋಡಲು ಸಿಗುವುದೇ ಕಡಿಮೆ. ಎಳೆ ಕೂಸಿಗೆ ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಹಾಕದೆ ತಿಂಗಳುಗಟ್ಟಲೆ ಕಾಯುವುದೂ ಇದೇ ಥರದ ಕಾರಣಕ್ಕೆ, ಅಮ್ಮನಿಂದ ಬಂದ ಪ್ರತಿಕಾಯ ಕರಗಲಿ ಅಂತ.

ಅಂದರೆ ಚಿಕ್ಕಮ್ಮ ಹೇಳಿದ್ದು ತಲೆಕೆಳಗು. ಶಕ್ತಿ ಖರ್ಚಾಗಿ ಹೋದದ್ದರಿಂದ ಹೊಸ ಡೋಸ್ ನಾಟುತ್ತಿಲ್ಲ ಅಂತಲ್ಲ, ಕೈತುಂಬಾ ಇರುವುದರಿಂದ ನಾಟುತ್ತಿಲ್ಲ. ನನ್ನ ತೋಳಿನ ಕತೆಯೂ ಇದೇ. ಆರೇಳು ತಿಂಗಳ ಹಿಂದಿನ ಟಿಟಿಯಿಂದ ಪ್ರತಿಕಾಯ ತುಂಬಿಕೊಂಡಿದ್ದ ಮೈಗೆ ಅದೇ ಸರಕು ಮತ್ತೆ ಬಂತು, ಚುಚ್ಚಿದ ಜಾಗದಲ್ಲೇ ಎರಡೂ ಸೇರಿ ಗಂಟು ಕಟ್ಟಿಕೊಂಡವು, ಆ ಗಂಟುಗಳ ಮೇಲೆ ಉರಿಯೂತ ಎದ್ದಿತು. 1903ರಲ್ಲಿ ಮೊಲಗಳಿಗೆ ಕುದುರೆಯ ಸೀರಮ್ ಮತ್ತೆ ಮತ್ತೆ ಚುಚ್ಚಿ ಇದನ್ನು ಮೊದಲು ಬಣ್ಣಿಸಿದ ಮೋರಿಸ್ ಆರ್ಥಸ್ ಅನ್ನುವ ಫ್ರೆಂಚ್ ವಿಜ್ಞಾನಿಯ ಹೆಸರೇ ಇದಕ್ಕಿದೆ, ಆರ್ಥಸ್ ಪ್ರತಿಕ್ರಿಯೆ. ನನ್ನ ಹಾಗೆ ಊದಿಸಿಕೊಂಡವರು ಮುಂದಿನ ಟಿಟಿಗೆ ಹತ್ತು ವರ್ಷವಾದರೂ ಬಿಡುವು ಕೊಡಬೇಕಂತೆ.

ಅತಿ ಅಂದರೆ ಎಷ್ಟು ಅತಿ ಅನ್ನುವುದಕ್ಕೆ ಜರ್ಮನಿಯಲ್ಲೊಬ್ಬ ಮಹಾನುಭಾವ ಸಿಕ್ಕಿದ್ದಾನೆ. 62 ವರ್ಷ. 29 ತಿಂಗಳಲ್ಲಿ 217 ಸಲ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದಾಗಿ ತಾನೇ ಹೇಳಿಕೊಂಡ. ಅದರಲ್ಲಿ 134 ಡೋಸ್‌ಗಳಿಗೆ ದಾಖಲೆ ಇತ್ತು. ಯಾರೂ ಹೇಳಿದ್ದಲ್ಲ, ಯಾವ ಸಂಶೋಧನೆಯೂ ಅಲ್ಲ, ಅವನಾಗಿ ಮಾಡಿಕೊಂಡದ್ದು. ಎರ್ಲಾಂಗೆನ್‌ನ ಸಂಶೋಧಕರು ಪೇಪರಿನಲ್ಲಿ ಸುದ್ದಿ ಓದಿ ಅವನನ್ನು ಸಂಪರ್ಕಿಸಿ ರಕ್ತ ಕೊಡ್ತೀಯಾ ಅಂತ ಕೇಳಿದರು, ಅವನು ಸಂತೋಷದಿಂದ ಒಪ್ಪಿದ. ಅವನ ರೋಗನಿರೋಧಕ ವ್ಯವಸ್ಥೆ ಸೋತು ಸುಣ್ಣವಾಗಿರುತ್ತದೆ ಅಂತ ನೀವು ಊಹಿಸಬಹುದು, ಸಂಶೋಧಕರೂ ಅದೇ ಅನುಮಾನ ಇಟ್ಟುಕೊಂಡು ಹುಡುಕಿದ್ದು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಾಗೇನೂ ಇಲ್ಲ. ಕೋವಿಡ್ ವಿರುದ್ಧದ ಟಿ ಕೋಶಗಳು ಸಾಮಾನ್ಯವಾಗಿ ಮೂರು ಡೋಸ್ ಪಡೆದವರಿಗಿಂತ ಜಾಸ್ತಿ ಇದ್ದವು, ಅವು ಕೆಲಸವನ್ನೂ ಮಾಡುತ್ತಿದ್ದವು. ಬೇರೆ ರೋಗಾಣುಗಳ ವಿರುದ್ಧದ ಶಕ್ತಿಯೂ ಹಾಗೇ ಇತ್ತು. ಒಬ್ಬನೇ ಮನುಷ್ಯ, ಇವನಿಂದ ಎಲ್ಲರ ಬಗ್ಗೆ ತೀರ್ಮಾನ ಮಾಡಬೇಡಿ, ಯಾರೂ ಹೀಗೆ ಮಾಡಲೂ ಬೇಡಿ ಅಂತ ಆ ಸಂಶೋಧಕರೇ ಹೇಳಿದ್ದಾರೆ. ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಅವನಿಗೆ ಮನೇಲಿ ಹೇಳೋರು ಕೇಳೋರು ಇರಲಿಲ್ವಾ?"

ಟಿ ಕೋಶಗಳು ನಿಜವಾಗಿಯೂ ಸೋಲುವುದುಂಟು. ಎಚ್‌ಐವಿಯಂಥ, ಹೆಪಟೈಟಿಸ್ ಸಿಯಂಥ ಸೋಂಕು ವರ್ಷಗಟ್ಟಲೆ ಹಗಲೂ ರಾತ್ರಿ ಎದುರಿಗೇ ಇದ್ದಾಗ. ಲಸಿಕೆ ಬಂದು ಹೋಗುವ ಅತಿಥಿ. ಮನೆಯಲ್ಲೇ ಬೀಡುಬಿಟ್ಟ ಸೋಂಕಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಮರೆತು "ಇಮ್ಯೂನಿಟಿ ಸುಸ್ತಾಗುತ್ತೆ" ಅಂತ ಹರಿದಾಡುವ ಮೆಸೇಜುಗಳಿಗೆ ಲೆಕ್ಕವಿಲ್ಲ.

ಇನ್ನು ಗಾದೆ ನಿಜವಾಗುವ ಜಾಗಗಳು. ಮೊದಲನೆಯದು ನನಗೆ ಸ್ವಲ್ಪವೂ ಗೊತ್ತಿರಲಿಲ್ಲ. ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ತರುವ ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯ ಸರಪಳಿಗಳ ಹೊದಿಕೆ ಇರುತ್ತದೆ. ಆ ಸಕ್ಕರೆಯನ್ನಷ್ಟೇ ತೆಗೆದು ಮಾಡಿದ ಹಳೇ ಮಾದರಿಯ ಲಸಿಕೆಗಳಿವೆ. ಟಿ ಕೋಶಗಳಿಗೆ ಸಕ್ಕರೆ ಅರ್ಥವಾಗುವುದಿಲ್ಲ, ಅವಕ್ಕೆ ಬೇಕಾದದ್ದು ಪ್ರೋಟೀನ್. ಹಾಗಾಗಿ ನೆರವೂ ಇಲ್ಲ, ತಿದ್ದುವ ಕೆಲಸವೂ ಇಲ್ಲ. ಇದ್ದ ಬಿ ಕೋಶಗಳು ಎದ್ದು ಪ್ರತಿಕಾಯ ಕೊಟ್ಟು ಸಾಯುತ್ತವೆ, ಅವುಗಳ ಜಾಗಕ್ಕೆ ಹೊಸಬರು ತಯಾರಾಗಿರುವುದಿಲ್ಲ. ಮತ್ತೆ ಚುಚ್ಚಿದರೆ ಮೊದಲ ಸಲಕ್ಕಿಂತ ಕಡಿಮೆ ಪ್ರತಿಕಾಯ ಬರುವುದೂ ಉಂಟು. ಚಿಕ್ಕಮ್ಮ ಹೇಳಿದ ಖರ್ಚು ಅಂದರೆ ಇದೇ. ಪರಿಹಾರವೂ ಚೆನ್ನಾಗಿದೆ. ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಅಂಟಿಸಿದರೆ ಟಿ ಕೋಶಗಳೂ ಕೆಲಸಕ್ಕೆ ಬರುತ್ತವೆ. ಈಗ ಮಕ್ಕಳಿಗೆ ಕೊಡುವ ನ್ಯುಮೋಕಾಕಸ್ ಲಸಿಕೆ ಇಂಥ ಜೋಡಿ ಲಸಿಕೆಯೇ.

ಎರಡನೇ ಜಾಗ ಫ್ಲೂ. ಇಂಗ್ಲೆಂಡಿನ ಒಂದು ವಸತಿ ಶಾಲೆಯಲ್ಲಿ ಹಾಸ್ಕಿನ್ಸ್ ಅನ್ನುವ ವೈದ್ಯರು 1970ರ ದಶಕದಲ್ಲಿ ಹುಡುಗರಿಗೆ ಫ್ಲೂ ಲಸಿಕೆ ಕೊಟ್ಟು ಹಲವು ವರ್ಷ ಗಮನಿಸಿದರು. ಮೊದಲ ಸಲ ಹಾಕಿಸಿಕೊಂಡವರಿಗೆ ಲಾಭ ಕಂಡಿತು, ಪ್ರತಿ ವರ್ಷ ಹಾಕಿಸಿಕೊಂಡವರಿಗೆ ಒಟ್ಟಾರೆ ಲೆಕ್ಕದಲ್ಲಿ ಅಂಥ ಲಾಭ ಕಾಣಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಕೆಲವು ವರ್ಷ ಹೀಗೆ, ಕೆಲವು ವರ್ಷ ಹಾಗೆ. ಇದಕ್ಕೆ 1999ರಲ್ಲಿ ಒಂದು ವಿವರಣೆ ಬಂತು. ಹೋದ ವರ್ಷದ ಲಸಿಕೆ ಮತ್ತು ಈ ವರ್ಷದ ಲಸಿಕೆ ತುಂಬಾ ಹತ್ತಿರದ ಸಂಬಂಧಿಗಳಾಗಿದ್ದು, ಊರಲ್ಲಿ ಓಡಾಡುತ್ತಿರುವ ವೈರಸ್ ಮಾತ್ರ ದೂರದ್ದಾಗಿದ್ದರೆ ನಷ್ಟ. ಹಳೇ ಪ್ರತಿಕಾಯ ಹೊಸ ಲಸಿಕೆಯನ್ನು ನುಂಗುತ್ತದೆ, ವೈರಸ್ಸನ್ನು ಬಿಡುತ್ತದೆ.

ಇದರ ಬೇರು ಇನ್ನೂ ಆಳದಲ್ಲಿದೆ. ಮೊದಲು ಕಂಡ ಮುಖವೇ ಮನಸ್ಸಲ್ಲಿ ಉಳಿಯುತ್ತದೆ. ಅಮೆರಿಕದ ಥಾಮಸ್ ಫ್ರಾನ್ಸಿಸ್ 1960ರಲ್ಲೇ ಇದನ್ನು ಬರೆದರು. ಜೀವನದಲ್ಲಿ ಮೊದಲ ಸಲ ಯಾವ ಫ್ಲೂ ಬಂದಿತ್ತೋ, ಮುಂದೆ ಯಾವುದು ಬಂದರೂ ಮೈ ಆ ಮೊದಲನೆಯದರ ಪ್ರತಿಕಾಯವನ್ನೇ ಎತ್ತಿಕೊಂಡು ಬರುತ್ತದೆ. 1968ರಲ್ಲಿ ಹೊಸ ಬಗೆಯ ಫ್ಲೂ ಲೋಕವೆಲ್ಲಾ ಹರಡಿತು. ಅದಕ್ಕೂ ಮೊದಲು ಹುಟ್ಟಿದವರಿಗೆ ಎಚ್5ಎನ್1 ಹಕ್ಕಿಜ್ವರದಿಂದ, ಆಮೇಲೆ ಹುಟ್ಟಿದವರಿಗೆ ಎಚ್7ಎನ್9 ಹಕ್ಕಿಜ್ವರದಿಂದ ಹೆಚ್ಚು ರಕ್ಷಣೆ ಇರುವುದು 2016ರಲ್ಲಿ ಗೊತ್ತಾಯಿತು. ಕೂಸಾಗಿದ್ದಾಗ ಬಂದ ನೆಗಡಿ ಜ್ವರದ ಗುರುತು ಮುದುಕರಾದರೂ ಅಳಿಸಿಲ್ಲ. ಕೋವಿಡ್‌ನಲ್ಲೂ ಈ ತೊಡಕು ಕಂಡಿತು. 2022ರಲ್ಲಿ ಹಳೇದು ಹೊಸದು ಎರಡೂ ಬೆರೆಸಿದ ಬೂಸ್ಟರ್ ಬಂದಾಗ ಹಳೇ ನೆನಪೇ ಹೆಚ್ಚು ಎದ್ದು ಬಂತು. 2023ರಲ್ಲಿ ಹಳೇ ಭಾಗವನ್ನು ಬಿಟ್ಟೇಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದರು. ಹಳೇ ಲಸಿಕೆಯನ್ನೇ ಮತ್ತೆ ಮತ್ತೆ ಕೊಡುತ್ತಾ ಹೋಗುವುದು ಸರಿ ದಾರಿ ಆಗಲಾರದು ಅಂತ ಇದೇ ತಜ್ಞರು 2022ರ ಜನವರಿಯಲ್ಲೇ ಎಚ್ಚರಿಸಿದ್ದರು.

ಐಜಿಜಿ4 ವಿಷಯವನ್ನೂ ಹೇಳಿಬಿಡುತ್ತೇನೆ, ಬೂಸ್ಟರ್‌ನಿಂದ ಮೈಯ ಕಾವಲು ಕೆಡುತ್ತದೆ ಅಂತ ಅದರ ಹೆಸರಲ್ಲಿ ಭಯ ಹಬ್ಬಿಸಿದ್ದಾರೆ. ಎಂಆರ್‌ಎನ್‌ಎ ಲಸಿಕೆಯ ಎರಡನೇ ಡೋಸ್ ಆದ ಸ್ವಲ್ಪ ದಿನಕ್ಕೆ, ವೈರಸ್ ಹಿಡಿಯುವ ಐಜಿಜಿಯಲ್ಲಿ ಐಜಿಜಿ4 ಅನ್ನುವ ಬಗೆ ಶೇ. 0.04 ಇತ್ತು. ಮೂರನೇ ಡೋಸ್ ನಂತರ ಶೇ. 19ರಷ್ಟಾಯಿತು. ಇದನ್ನು ಕಂಡದ್ದೂ ಎರ್ಲಾಂಗೆನ್‌ನಲ್ಲೇ. ಈ ಬಗೆಯ ಪ್ರತಿಕಾಯ ಶಾಂತ ಸ್ವಭಾವದ್ದು, ಬೇರೆ ಕೋಶಗಳನ್ನು ಕೂಗಿ ಕರೆದು ಗಲಾಟೆ ಎಬ್ಬಿಸುವುದಿಲ್ಲ. ಆದರೆ ವೈರಸ್ಸನ್ನು ಹಿಡಿದುಕೊಳ್ಳುತ್ತದೆ, ತಡೆಯುತ್ತದೆ. ಜೇನು ಸಾಕುವವರಲ್ಲಿ ಇದು ಮೊದಲಿನಿಂದ ಗೊತ್ತಿರುವ ಸಂಗತಿ. ವರ್ಷಗಟ್ಟಲೆ ಕಚ್ಚಿಸಿಕೊಂಡವರ ರಕ್ತದಲ್ಲಿ ಜೇನಿನ ವಿಷಕ್ಕೆ ಐಜಿಜಿ4 ತುಂಬಿರುತ್ತದೆ. ಮತ್ತೆ ಮತ್ತೆ ಬರುವವನು ಕೊಲೆಗಾರನಲ್ಲ, ಬಾಗಿಲು ತಟ್ಟುವ ಪರಿಚಿತ ಅಂತ ಮೈ ಅಂದಾಜು ಮಾಡಿದ ಹಾಗೆ. ಮೈಗೆ ಬೇಸರ ಅಂತ ಏನಾದರೂ ಇದ್ದರೆ, ಅದರ ಅತಿ ಹತ್ತಿರದ ರೂಪ ಇದೇ ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲಾ ಓದಿದ ಮೇಲೆ "ಎಷ್ಟು ಡೋಸ್ ಸಾಕು" ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದನ್ನು ಬಿಟ್ಟೆ. ಹಳದಿ ಜ್ವರಕ್ಕೆ ಒಂದೇ ಡೋಸ್ ಜೀವನಪೂರ್ತಿ ಸಾಕು, 2016ರಿಂದ ಪ್ರಯಾಣದ ಸರ್ಟಿಫಿಕೇಟೂ ಹಾಗೇ ಆಗಿದೆ. ಧನುರ್ವಾಯುವಿಗೆ ಬಾಲ್ಯದಿಂದ ಹರೆಯದವರೆಗೆ ಆರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಪಟೈಟಿಸ್ ಬಿಯಲ್ಲಿ ರಕ್ತದ ಪ್ರತಿಕಾಯ ಕಾಣದಷ್ಟು ಇಳಿದರೂ ಆರೋಗ್ಯವಂತರಿಗೆ ಮತ್ತೆ ಡೋಸ್ ಬೇಡ. ಆ ವೈರಸ್ ಮೈಯಲ್ಲಿ ತಲೆ ಎತ್ತಲು ವಾರ, ತಿಂಗಳು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ನೆನಪಿನ ಕೋಶಗಳು ಎದ್ದು, ಮುಖ ತೊಳೆದು, ಕೆಲಸಕ್ಕೆ ಬಂದಿರುತ್ತವೆ. ಫ್ಲೂ, ಕೋವಿಡ್ ಹಾಗಲ್ಲ. ಅವಕ್ಕೆ ಕೆಲವೇ ದಿನ ಸಾಕು. ನೆನಪು ಏಳುವಷ್ಟರಲ್ಲಿ ಕೆಮ್ಮು ಶುರುವಾಗಿರುತ್ತದೆ, ಆದರೆ ಕಾಯಿಲೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಬರುವುದನ್ನು ಅದು ತಡೆಯುತ್ತದೆ. ಸೋಂಕನ್ನೇ ಬಾಗಿಲಲ್ಲಿ ತಡೆಯಬೇಕು ಅಂದರೆ ಪ್ರತಿಕಾಯ ಆಗಲೇ ತಯಾರಿರಬೇಕು. ಬೂಸ್ಟರ್ ಕೊಡುವುದು ಆ ತಯಾರಿಯನ್ನು, ಅದೂ ಕೆಲವು ತಿಂಗಳ ಮಟ್ಟಿಗೆ.

ಇಪ್ಪತ್ತರ ಆರೋಗ್ಯವಂತ ಹುಡುಗನಿಗೆ ಆ ಕೆಲವು ತಿಂಗಳು ದೊಡ್ಡದಲ್ಲ. ವಯಸ್ಸಾದವರಿಗೆ ಹಾಗಲ್ಲ, ಅವರಲ್ಲಿ ಹೊಸ ಟಿ ಕೋಶಗಳು ಹುಟ್ಟುವುದು ಕಡಿಮೆ, ತಿದ್ದುವ ಕೆಲಸ ನಿಧಾನ, ಪ್ರತಿಕಾಯ ಕಡಿಮೆಗೇ ನಿಲ್ಲುತ್ತದೆ, ಕಾಯಿಲೆ ಬಂದರೆ ತಡೆದುಕೊಳ್ಳುವುದೂ ಕಷ್ಟ. 2023ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಬೂಸ್ಟರ್‌ಗಳನ್ನು ಎಲ್ಲರಿಗೂ ಒಂದೇ ಥರ ಹೇಳುವುದನ್ನು ನಿಲ್ಲಿಸಿ ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಮೊದಲ ಆದ್ಯತೆ ಅಂದದ್ದು ಈ ಲೆಕ್ಕದಿಂದಲೇ.

ಇದನ್ನೆಲ್ಲಾ ಒಂದು ಸಂಜೆ ಚಿಕ್ಕಮ್ಮನ ಮುಂದೆ ಕೂತು ಹೇಳಿದೆ. ಪೂರ್ತಿ ಕೇಳಿದರು. ಕೊನೇ ಡೋಸ್ ತಗೊಂಡು ಎಷ್ಟು ದಿನ ಆಯ್ತು ಅಂತ ಬೆರಳು ಮಡಚಿ ಎಣಿಸಿದರು, ವರ್ಷದ ಮೇಲಾಗಿತ್ತು. ಆಮೇಲೆ, "ಸರಿ, ಯಾವ ತೋಳಿಗೆ ಹಾಕಿಸಿಕೊಳ್ಳಲಿ? ಹೋದ ಸಲದ್ದಕ್ಕಾ, ಇನ್ನೊಂದಕ್ಕಾ?" ಅಂದರು. ಎಂಥ ಪ್ರಶ್ನೆ ನೋಡಿ. ಹೋದ ಸಲದ ಕಂಕುಳಲ್ಲೇ ನೆನಪಿನ ಕೋಶಗಳು ಕೂತಿರುತ್ತವಲ್ಲ, ಅದೇ ತೋಳಾದರೆ ಬೇಗ ಏಳುತ್ತವೆ ಅಂತ ಒಂದು ಅಧ್ಯಯನ ಹೇಳುತ್ತದೆ. ಇನ್ನೊಂದು ತೋಳಾದರೆ ಕೊನೆಗೆ ಪ್ರತಿಕಾಯ ಜಾಸ್ತಿ ಅಂತ ಮತ್ತೊಂದು. ಎರಡನ್ನೂ ಹೇಳಿದೆ.

"ಹಾಗಾದ್ರೆ ಎಡಕ್ಕೇ ಹಾಕಿಸ್ತೀನಿ. ನಾನು ಮಲಗೋದು ಬಲಮಗ್ಗುಲಲ್ಲಿ" ಅಂದರು.